ಬೆಳೆಹಬ್ಬದ ಗಾಯನ, ಉರುಳಿದ ಪೇರಲ

ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ಧಾರವಾಡದಲ್ಲಿ ಸೀಮೆಎಣ್ಣೆ ಸಿಗುವುದೇ ಕಷ್ಟ. ಹಾಗಾಗಿ ನಮ್ಮ ಚರ್ಚಿನ ಬೆಳೆಹಬ್ಬದ ಗಾಯನ ಹಗಲಿದ್ದಾಗಲೇ ಮುಗಿಯಬೇಕಿತ್ತು. ಬೆಳಿಗ್ಗೆ ಆರಾಧನೆ, ಆಮೇಲೆ ಕಾಣಿಕೆಯಾಗಿ ಬಂದ ಜೋಳದ ತೆನೆ, ಸೌತೆಕಾಯಿ, ಕೋಳಿಗಳನ್ನು ಕೂಗಿ ಮಾರುವ ಲಿಲಾವು, ಇಳಿಹೊತ್ತಿಗೆ ಹಾಡು. ಹಾಡುವ ಹಿಂದುಸ್ತಾನಿ ಗವಾಯಿ ಬುವಾ ನಮ್ಮ ಸಭೆಯವರಲ್ಲ. ಕೇಳಲು ಬರುವವರಲ್ಲೂ ಅರ್ಧ ಮಂದಿ ನಮ್ಮವರಲ್ಲ. ವಕೀಲರು, ಮಾಸ್ತರರು, ಅತ್ತರು ಮಾರುವ ಸಾಹೇಬರು, ಎಲ್ಲರೂ ಬರುತ್ತಿದ್ದರು.

ಆ ಸಲ ಕೆಳಗೆ ಜಾಗ ಸಾಲದೆ ಜನ ಮರದ ಅಟ್ಟವನ್ನೂ ತುಂಬಿದರು. ನನ್ನ ಅಜ್ಜಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ನಾನು ಮತ್ತು ತಮ್ಮ ಸುಂದರ ಮುಂದಿನ ಸಾಲಿನಲ್ಲಿ ಕಟಕಟೆಗೆ ಮೊಣಕಾಲು ತಾಗಿಸಿ ಕೂತಿದ್ದೆವು. ಇಳಿಯುವ ಮೆಟ್ಟಿಲು ಇದ್ದದ್ದು ಒಂದೇ, ಎಲ್ಲರ ಹಿಂದೆ. ಲಿಲಾವಿನಲ್ಲಿ ಕೊಂಡ ಕೆಲಗೇರಿ ಪೇರಲದ ಬುಟ್ಟಿ ನನ್ನ ಕಾಲ ಬಳಿ ಘಮಘಮಿಸುತ್ತಿತ್ತು.

ಬುವಾ ವೇಗದ ದ್ರುತ ಲಯಕ್ಕೆ ಬಂದಾಗ ಗಂಡಸರು ಕಾಲಿನಿಂದಲೇ ತಾಳ ಹಾಕತೊಡಗಿದರು. ಬುಟ್ಟಿಯಿಂದ ಒಂದು ಪೇರಲ ಬಿದ್ದು ಕಟಕಟೆಯ ಕಡೆಗೆ ಉರುಳಿತು. ಎತ್ತಿ ಕಾಲ ಬಳಿ ಇಟ್ಟೆ. ಮತ್ತೆ ಉರುಳಿತು.

"ಅಕ್ಕಾ, ಹಣ್ಣು ತಾನ ಹೊಂಟೈತಿ ನೋಡು," ಎಂದು ಸುಂದರ ನಕ್ಕ.

ಆಯಿ ನಗಲಿಲ್ಲ. ಅಷ್ಟರಲ್ಲಿ ಅಟ್ಟದ ತೊಲೆ ಲಟಕ್ಕೆಂದಿತು. ಸುಣ್ಣದ ಪುಡಿ ಉದುರಿತು. ಕೆಳಗಿದ್ದ ನಮ್ಮ ಸಭಾಪಾಲಕ ಅಯ್ಯನವರು ತಲೆ ಎತ್ತಿದರು, ಬುವಾರೂ ನೋಡಿದರು. ಹಾಡು ತಟ್ಟನೆ ನಿಂತಿದ್ದರೆ ಎಲ್ಲರೂ ಒಮ್ಮೆಲೇ ಮೆಟ್ಟಿಲಿಗೆ ನುಗ್ಗುತ್ತಿದ್ದರು. ಬುವಾ ನಿಲ್ಲಿಸಲಿಲ್ಲ. ತಬಲಾದವನಿಗೆ ಕೈಸನ್ನೆ ಮಾಡಿ ಲಯ ಇಳಿಸಿದರು. ತಾಳ ಹಾಕುತ್ತಿದ್ದ ಕಾಲುಗಳು ಸುಮ್ಮನಾದವು. ಅಯ್ಯನವರು ಅಟ್ಟದ ಅಡಿಯಲ್ಲಿದ್ದವರನ್ನು ಮುಂದಕ್ಕೆ ಕಳಿಸಿ ಮೆಟ್ಟಿಲ ಬಳಿ ಬಂದರು.

"ರಾತ್ರಿ ಭೋಜನಕ್ಕ ಏಳೂಹಂಗ ಏಳ್ರಿ. ಹಿಂದಿನ ಸಾಲು ಮೊದಲ. ಮಾತು ಬ್ಯಾಡ."

ರಾತ್ರಿ ಭೋಜನವೆಂದರೆ ಆರಾಧನೆಯಲ್ಲಿ ಕೊಡುವ ಪ್ರಭುವಿನ ರೊಟ್ಟಿ, ದ್ರಾಕ್ಷಾರಸ; ಅದಕ್ಕೆ ಸಾಲುಸಾಲಾಗಿ ಸದ್ದಿಲ್ಲದೆ ಏಳುವುದು ನಮ್ಮವರ ರೂಢಿ. ನಮ್ಮವರು ಎದ್ದರು, ಅವರನ್ನು ನೋಡಿ ಉಳಿದವರೂ.

ನಮ್ಮ ಬೆನ್ನಿಗೇ ಕೂತಿದ್ದ ವಕೀಲರು ಆಯಿಯತ್ತ ಬಗ್ಗಿ ಕೇಳಿದರು, "ಇಷ್ಟ ಲಗೂ ಊಟೇನ್ರಿ, ಬಾಯಾರ?"

"ಮೊದಲ ಇಳೀರಿ, ಆಮ್ಯಾಗ ಬಡಸ್ತೀನಿ," ಎಂದಳು ಆಯಿ.

ಕಡೆಗೆ ಉಳಿದದ್ದು ನಮ್ಮ ಸಾಲು. ಕಾಲಡಿಯ ಹಲಗೆ ಉಸಿರಾಡಿದಂತೆ ಏರಿಳಿಯುತ್ತಿತ್ತು. ಸುಂದರನ ಎರಡೂ ಕಾಲು ಒತ್ತಿ ಹಿಡಿದಿದ್ದೆ. ನಮ್ಮ ಸರದಿ ಬಂದಾಗ ಆಯಿ ಏಳಲಿಲ್ಲ.

"ನೀವಿಬ್ಬರೂ ನಡೀರಿ. ಕೂಡಿ ನಡದ್ರ ಭಾರ ಆಕ್ಕೈತಿ."

"ಮತ್ತ ನೀ?"

"ನನ್ನ ಮೊಣಕಾಲು ನಿನಗ ಗೊತ್ತಿಲ್ಲೇನು? ನಿಧಾನ ಬರ್ತೀನಿ. ಓಡಬ್ಯಾಡ."

ಕೆಳಗಿಳಿದು ನೋಡಿದರೆ ಖಾಲಿ ಅಟ್ಟದಲ್ಲಿ ಅವಳೊಬ್ಬಳೇ ಬೆಂಚಿನಿಂದ ಬೆಂಚಿಗೆ ಕೈಯೂರಿಕೊಂಡು ಬರುತ್ತಿದ್ದಳು. ಬುವಾ ಅವಳ ಮೇಲೆ ಕಣ್ಣಿಟ್ಟೇ ಹಾಡುತ್ತಿದ್ದರು. ಅವಳು ಕೊನೆಯ ಮೆಟ್ಟಿಲು ಇಳಿದ ಮೇಲೆಯೇ ತಂಬೂರಿ ನಿಂತಿತು. ಎಲ್ಲರೂ ಅಂಗಳ ಸೇರಿದ ಸ್ವಲ್ಪ ಹೊತ್ತಿಗೆ ಅಟ್ಟ ಕುಸಿದ ಸದ್ದು ಕೇಳಿತು. ಬಾಗಿಲಿನಿಂದ ಸುಣ್ಣದ ಧೂಳು ಬಂತು, ಜಜ್ಜಿದ ಪೇರಲದ ವಾಸನೆಯೂ.

ಮುಂದೆ ಕಾಲೇಜಿನಲ್ಲಿ ತೊಲೆ ತಾಳುವ ಭಾರದ ಲೆಕ್ಕ ಬಿಡಿಸಿದಾಗಲೆಲ್ಲ ಉತ್ತರವನ್ನು ಎರಡೆರಡು ಸಲ ತಾಳೆ ನೋಡುತ್ತಿದ್ದೆ. ಅಟ್ಟವನ್ನು ಮತ್ತೆ ಕಟ್ಟಲಿಲ್ಲ. ಚರ್ಚಿನಲ್ಲಿ ಬುವಾರ ಗಾಯನವೂ ಮತ್ತೆ ಆಗಲಿಲ್ಲ. ಈಗ ದೊಡ್ಡ ಸಭಾಗೃಹಗಳಲ್ಲಿ ಬಾಗಿಲ ಹತ್ತಿರ ಕೂತು ಕೇಳುತ್ತೇನೆ. ದ್ರುತ ಶುರುವಾದೊಡನೆ ಕಣ್ಣು ನೆಲಕ್ಕೆ ಹೋಗುತ್ತದೆ. ಆಮೇಲೆ, ಎದ್ದು ಹೋಗಬೇಕಾಗಿ ಬಂದರೆ ಇವರಲ್ಲಿ ಯಾರು ತಮ್ಮ ಸಾಲು ಬರುವ ತನಕ ಕೂತಿರುತ್ತಾರೆ ಎಂದು ಸುತ್ತಲಿನ ಮುಖಗಳನ್ನು ನೋಡುತ್ತೇನೆ. ಗುರುತಿನ ಮುಖ ಒಂದೂ ಇರುವುದಿಲ್ಲ.