ಫೋಟೋ ಅಕ್ಕ ಹಾಕಿಸಿಕೊಂಡ ಕೆಂಪು ಗುರುತು

ನಿನ್ನೆ ಚಹಾದ ರ‍್ಯಾಕು ಸರಿಸಿ ಕಸ ಹೊಡೆಯುವಾಗ ಗೋಡೆಯ ಸಂದಿಯಲ್ಲಿ ಒಂದು ಹಳದಿ ಬಟ್ಟೆ ಸಿಕ್ಕಿತು. ಧೂಳು ಹಿಡಿದು ಅಟ್ಟೆಯಂತಾಗಿತ್ತು. ಮೂಗಿನ ಹತ್ತಿರ ಹಿಡಿದರೆ ಇನ್ನೂ ಚಹಾಪುಡಿಯ ವಾಸನೆ… ಫೋಟೋ ಅಕ್ಕನದು.

ವಿಜಯಪುರದಿಂದ ಬಂದು ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು, ಆಮೇಲೆ ಕೈಗಾಡಿ ತಳ್ಳಿ, ಕೊನೆಗೆ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಈ ಕಿರಾಣಿ ಅಂಗಡಿ ಹಿಡಿದವನು ನಾನು. ಒಂದು ಚಹಾ ಕಂಪನಿ ಚಂದದ ರ‍್ಯಾಕು ಕೊಟ್ಟಿತ್ತು. ಅದನ್ನು ನೋಡಿಕೊಳ್ಳಲು ವಾರಕ್ಕೊಮ್ಮೆ ಕಲ್ಯಾಣದಿಂದ ಲೋಕಲ್ ರೈಲು ಹಿಡಿದು ಬರುತ್ತಿದ್ದವರು ಈ ಅಕ್ಕ, ಮೂಲ ಕಲಬುರಗಿ ಕಡೆಯವರು. ಡಬ್ಬಿ ಒರೆಸಿ, ಸಾಲಾಗಿ ನಿಲ್ಲಿಸಿ, ಕಂಪನಿಯ ಫೋನಿನಲ್ಲಿ ಫೋಟೋ ಹೊಡೆಯುತ್ತಿದ್ದರು. ಡಬ್ಬಿಗಳನ್ನು ಫೋನೇ ಎಣಿಸುತ್ತಿತ್ತು. ರ‍್ಯಾಕು ತುಂಬಿದ್ದರೆ ಹಸಿರು, ಖಾಲಿಯಿದ್ದರೆ ಕೆಂಪು. ಕೆಂಪು ಬಿದ್ದರೆ ಭಿವಂಡಿ ಗೋದಾಮಿನಿಂದ ಮಾಲು ತಾನಾಗಿ ಹೊರಡುತ್ತಿತ್ತು.

ಮೊದಮೊದಲು ನನಗೆ ನಗು. ಫೋನು ನನಗೆ ವ್ಯಾಪಾರ ಕಲಿಸುತ್ತದೆಯೇ? ಒಂದು ದಿನ ಅಕ್ಕ ಹೋದ ವಾರದ ಫೋಟೋ, ಈ ವಾರದ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದರು. ಕೆಳಗಿನ ಸಾಲಿನ ಸಣ್ಣ ಪಾಕೀಟು ಒಂದೂ ಅಲುಗಿರಲಿಲ್ಲ.

"ಲೋಕಲ್ ಇಳಿದು ಬರೋ ಹೆಣ್ಮಕ್ಕಳ ಒಂದು ಕೈಯಾಗ ಪರ್ಸು, ಇನ್ನೊಂದರಾಗ ಕಾಯಿಪಲ್ಲೆ ಚೀಲ. ನಿಮ್ಮ ಚಹಾಕ್ಕಂತ ಅವರು ಬಗ್ಗಬೇಕೇನ್ರಿ ಶೇಠ?"

ಮೂಟೆ ಹೊತ್ತವನನ್ನು ಶೇಠ ಎಂದು ಚುಡಾಯಿಸುವುದು ಅವರಿಗೆ ಭಾರೀ ಖುಷಿ. ಪಾಕೀಟನ್ನು ಸೊಂಟದ ಎತ್ತರಕ್ಕೆ, ಬಾಗಿಲ ಕಡೆ ತಂದರು. ಮುಂದಿನ ವಾರಕ್ಕೆ ಆ ಸಾಲು ಬರಿದಾಗಿತ್ತು. ಅಂದಿನಿಂದ ನಾನೂ ಬಾಯಿ ಮುಚ್ಚಿಕೊಂಡು ಫೋಟೋ ನೋಡತೊಡಗಿದೆ. ಅಂಗಡಿ ಇಡುವವರಿಗೆ ಇದೊಂದು ಮಾತು: ಗಿರಾಕಿಯ ಕೈ ಎಲ್ಲಿಗೆ ಬರುತ್ತದೋ ಮಾಲು ಅಲ್ಲಿರಲಿ.

ಆದರೆ ಹಳೇ ಚಟ ಒಂದಿತ್ತು. ಅಂಗಡಿ ತುಂಬಿದಂತೆ ಕಾಣಲಿ ಎಂದು ಚಹಾಪುಡಿ ಬಿಡಿಯಾಗಿ ಮಾರಿ ಉಳಿದ ಖಾಲಿ ಡಬ್ಬಿಗಳನ್ನೂ ಎಸೆಯದೆ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ. ನಮ್ಮ ಲೈನಿನಲ್ಲಿ ಎಲ್ಲರೂ ಮಾಡುವುದೇ. ಒಂದು ವಾರ ಅಕ್ಕ ಬರುವ ಮೊದಲೇ ನಾನೇ ಎಲ್ಲ ಒರೆಸಿಟ್ಟಿದ್ದೆ, ಅವರು ಡಬ್ಬಿ ಮುಟ್ಟದೆ ಫೋಟೋ ಹೊಡೆದರು. ಫೋನಿಗೇನು ಗೊತ್ತು, ಅದು ಹಸಿರು ತೋರಿಸಿತು. ಮಾಲು ಬರಲಿಲ್ಲ.

ಮುಂದಿನ ವಾರ ಬಂತು, ಗಣಪತಿಗೆ ನಾಲ್ಕೇ ದಿನ. ಮನೆಮನೆಗೆ ನೆಂಟರು, ಚಹಾ ಇಲ್ಲದೆ ಆದೀತೇ? ಎದುರಿಗೆ ಹೊಸ ಮಾರ್ಟ್ ಬೇರೆ ತೆರೆದಿತ್ತು. ನನ್ನಲ್ಲಿ ಚಹಾ ಇಲ್ಲವೆಂದರೆ ಇಡೀ ತಿಂಗಳ ಸಾಮಾನು ಅಲ್ಲಿಂದಲೇ ಹೋಗುತ್ತಿತ್ತು. ಅಕ್ಕ ಬಂದವರೇ ಒಂದು ಡಬ್ಬಿ ಎತ್ತಿದರು. ಇನ್ನೊಂದು ಎತ್ತಿದರು.

"ಏನ್ರಿ ಶೇಠ, ನಿಮ್ಮ ಚಹಾ ಡಯಟಿಂಗ್ ಹಿಡಿದದೇನು?"

ಕೆಂಪು ಬಿದ್ದರೆ ನನ್ನ ಖಾಲಿ ಡಬ್ಬಿಗಳ ಆಟ ಬಯಲಾಗುತ್ತಿತ್ತು; ನಾನು ಚೌಕಾಶಿಗಿಳಿದೆ. "ಅಕ್ಕಾರ, ಫೋಟೋ ಹಸಿರೇ ಇರಲಿ. ಮಾಲು ನಾನು ಫೋನ್ ಮಾಡಿ ತರಿಸ್ಕೋತೀನಿ."

"ಹಬ್ಬದ ವಾರದಾಗ ಗೋದಾಮಿನ್ಯಾಗ ನಿಮ್ಮ ಫೋನ್ ಯಾರು ಎತ್ತತಾರ? ಅವರು ಕೆಂಪು ಒಂದೇ ನೋಡತಾರ," ಎಂದು ಅಕ್ಕ ಖಾಲಿ ಡಬ್ಬಿಗಳನ್ನೆಲ್ಲ ತೆಗೆದು ಕೆಳಗಿಟ್ಟರು. ಫೋಟೋ ಹೊಡೆದರು. ಫೋನಿನ ತುಂಬ ಕೆಂಪು.

ಐದು ನಿಮಿಷಕ್ಕೆ ಸೂಪರ್‌ವೈಸರ್ ಫೋನ್. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು. ಹೋದ ವಾರ ತುಂಬಿದ್ದ ರ‍್ಯಾಕು ಈಗ ಬರಿದು ಹೇಗೆ? ಅಂಗಡಿಯವನು ಖಾಲಿ ಡಬ್ಬಿ ಇಟ್ಟಿದ್ದನೇ? ಹಾಗಿದ್ದರೆ ಅವನ ರ‍್ಯಾಕು ಎತ್ತಿಸೋಣ.

ಅಕ್ಕ ನನ್ನ ಮುಖ ನೋಡಿದರು. ಒಂದು ರೂಪಾಯಿಗೂ ಅರ್ಧ ತಾಸು ವಾದಿಸುವ ನಾನು ಆಗ ತಕ್ಕಡಿ ಒರೆಸತೊಡಗಿದೆ.

"ಇಲ್ಲ ಸಾಹೇಬ್, ಹೋದ ವಾರ ನಾನೇ ಸರಿ ನೋಡಲಿಲ್ಲ," ಎಂದು ಹಿಂದಿಯಲ್ಲಿ ಹೇಳಿ ಫೋನಿಟ್ಟರು. ಆಮೇಲೆ ಖಾಲಿ ಡಬ್ಬಿಗಳನ್ನು ಒಂದೊಂದಾಗಿ ತುಳಿದು ಚಪ್ಪಟೆ ಮಾಡಿದರು. "ಇನ್ನ ಇವು ನಿಲ್ಲೂದಿಲ್ಲ ನೋಡ್ರಿ."

ಮರುದಿನ ಮಧ್ಯಾಹ್ನವೇ ಟೆಂಪೋ ಬಂತು. ಆ ಗಣಪತಿಗೆ ನನ್ನ ಒಬ್ಬ ಗಿರಾಕಿಯೂ ರಸ್ತೆ ದಾಟಲಿಲ್ಲ.

ಮುಂದಿನ ವಾರ ಅಕ್ಕ ಬರಲಿಲ್ಲ. ಬಂದವನು ಬೇರೆಯವನು. ತಪ್ಪು ಒಪ್ಪಿಕೊಂಡವರ ಹೆಸರಿಗೂ ಕಂಪನಿ ಕೆಂಪು ಗುರುತು ಹಾಕುತ್ತದಂತೆ. ಮೂರು ಕೆಂಪಿಗೆ ರೂಟು, ಅಂದರೆ ಕೆಲಸವೇ, ಹೋಗುತ್ತದಂತೆ; ಅಕ್ಕನಿಗೆ ಆಗಲೇ ಎರಡಿದ್ದವಂತೆ, ನನ್ನ ಅಂಗಡಿಯದು ಮೂರನೆಯದು. ನನಗೆ ಆ ಮಾತನ್ನೇ ಹೇಳಿರಲಿಲ್ಲ… ಬೇಲಾಪುರದ ಯಾವುದೋ ಆಫೀಸಿನ ಕ್ಯಾಂಟೀನಿನಲ್ಲಿದ್ದಾರೆ ಎಂದು ಯಾರೋ ಅಂದರು. ಹೋಗಿ ಹುಡುಕಿದೆ. ಹೆಸರೇ ಗೊತ್ತಿಲ್ಲದವರನ್ನು ಹೇಗೆ ಕೇಳುವುದು? "ಫೋಟೋ ಅಕ್ಕ" ಎಂದರೆ ವಾಚ್‌ಮನ್ ನನ್ನನ್ನೇ ಮೇಲೆಕೆಳಗೆ ನೋಡಿದ.

ಈಗ ರ‍್ಯಾಕಿನ ಎದುರು ಕಂಪನಿಯೇ ಕ್ಯಾಮೆರಾ ಕೂರಿಸಿದೆ. ತಾನೇ ಫೋಟೋ ಹೊಡೆಯುತ್ತದೆ, ಯಾರೂ ಬರುವುದಿಲ್ಲ. ಒಳ್ಳೆಯ ಯಂತ್ರ, ಸುಳ್ಳು ಹೇಳಲಾರೆ. ಆದರೆ ಡಬ್ಬಿ ಎತ್ತಿ ನೋಡುವುದಿಲ್ಲ. ಅದು ನನ್ನ ಕೆಲಸ.

ಇವತ್ತು ಆ ಹಳದಿ ಬಟ್ಟೆ ತೊಳೆದು ರ‍್ಯಾಕು ಒರೆಸಿದೆ. ಒಂದೊಂದೇ ಡಬ್ಬಿ ಕೈಯಲ್ಲಿ ತೂಗಿದೆ. ಎಲ್ಲವೂ ಭಾರವಾಗಿದ್ದವು. ಅಂದು ಫೋನಿನ ಎದುರು ಆಡಬೇಕಿದ್ದ "ಖಾಲಿ ಡಬ್ಬಿ ಇಟ್ಟವನು ನಾನೇ" ಎಂಬ ಒಂದು ಮಾತು ಮಾತ್ರ ನನ್ನಲ್ಲೇ ಉಳಿದಿದೆ, ಕೇಳಬೇಕಾದವರು ಎಲ್ಲಿದ್ದಾರೋ…