ಬೋಟಿನ ವೈರ್‌ಲೆಸ್ಸೂ ಅಕ್ಕನ ಹೂಂ ಕೂಡ

ಶಿರಸಿಯಲ್ಲಿ ಮೈಕ್ ರಿಪೇರಿ ಮಾಡಿಕೊಂಡಿರುವ ನನಗೂ ಸಮುದ್ರಕ್ಕೂ ಇರುವ ನಂಟು ಇಷ್ಟೇ: ಅಕ್ಕನನ್ನು ಕುಮಟಾ ಕಡೆಯ ಬೋಟಿನವರಿಗೆ ಕೊಟ್ಟಿದೆ. ಆ ಮಳೆಗಾಲದಲ್ಲಿ ಬೋಟುಗಳು ಮತ್ತೆ ಕಡಲಿಗಿಳಿಯುವ ಹೊತ್ತಿಗೆ ಅಕ್ಕ ಬಸ್ಸಿಳಿದು ನೇರ ಅಂಗಡಿಗೇ ಬಂದಳು. ಟವೆಲ್ಲಿನಲ್ಲಿ ಕೂಸಿನ ಹಾಗೆ ಸುತ್ತಿದ್ದ ಬೋಟಿನ ವೈರ್‌ಲೆಸ್ ಸೆಟ್ಟನ್ನು ಮೇಜಿನ ಮೇಲಿಟ್ಟಳು.

"ತಮಾ, ಇದನ್ನ ಸರಿ ಮಾಡ್ಕೊಡು. ಹೋದ ವರ್ಷ ಬೋಟ್ ಗಾಳಿಗೆ ಸಿಕ್ಕಾಗ ಮಾತೇ ಆಡ್ಲಿಲ್ಲ ಇದು. ಸೆಟ್ ಇಲ್ದಿದ್ರೂ ನಾಡಿದ್ದು ಹೋಗ್ತೆ ಅಂತಾರೆ ನಿನ್ ಭಾವ."

ಹೋದ ವರ್ಷ ಬೋಟ್ ದಡ ಮುಟ್ಟುವವರೆಗೆ ಅಕ್ಕ ಗುಟುಕು ನೀರೂ ಕುಡಿದಿರಲಿಲ್ಲ. ಭಾವ ಅದನ್ನೇ ನಗುತ್ತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಅವರ ಮೇಲೆ ಆಗಿನಿಂದ ನನಗೆ ಸಿಟ್ಟಿತ್ತು, ಸುಳ್ಳೇಕೆ.

ಸೆಟ್ಟಿನೊಳಗೆ ಉಪ್ಪುಗಾಳಿಗೆ ತಂತಿಯೆಲ್ಲ ಹಸಿರುಗಟ್ಟಿತ್ತು. ಉಜ್ಜಿ, ಹೊಸದಾಗಿ ಬೆಸೆದೆ. ಪರೀಕ್ಷೆ ಮಾಡುವುದೆಲ್ಲಿ? ಶಿರಸಿಯಿಂದ ಕೂಗಿದರೆ ಘಟ್ಟ ಅಡ್ಡ. ಮಾರನೇ ದಿನ ಯಲ್ಲಾಪುರದ ಮದುವೆಯ ಮೈಕನ್ನು ಬೇರೆಯವರಿಗೆ ಒಪ್ಪಿಸಿ, ನನ್ನ ಟೆಂಪೋಕ್ಕೆ ಆಂಟೆನಾ ಕಟ್ಟಿ, ಮೋಡ ಸರಿದರೆ ಸಮುದ್ರದ ಗೆರೆ ಕಾಣುವ ಘಟ್ಟದ ತಿರುವಿಗೆ ಹೋದೆವು. ಭಾವ ಬಂದರಿನಲ್ಲಿ ಪಕ್ಕದ ಬೋಟಿನ ಸೆಟ್ ಹಿಡಿದು ಕೂತಿರಬೇಕೆಂದು ಫೋನಿನಲ್ಲಿ ಮಾತಾಗಿತ್ತು.

ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರದು ಬರುತ್ತದೆ ಎಂದು ಹೇಳಿ ಅಕ್ಕನ ಕೈಗೆ ಮೈಕ್ ಕೊಟ್ಟೆ.

"ಕೇಳ್ತದಾ?" ಎಂದಳು.

"ಕೇಳ್ತದೆ. ನಾಳೆ..." ಭಾವನ ದನಿ ಕಡಿಯಿತು. "...ಐಸ್ ತುಂಬ್ಸಿ..." ಮತ್ತೆ ಕಡಿಯಿತು.

ನಾನು ಸೆಟ್ ಬಿಚ್ಚಿದೆ, ಬೆಸುಗೆ ನೋಡಿದೆ, ಟೆಂಪೋದ ಮೇಲೆ ಹತ್ತಿ ಆಂಟೆನಾ ಅಲ್ಲಾಡಿಸಿದೆ, ಬ್ಯಾಟರಿಗೆ ಬೈದೆ. ಏನೂ ಪ್ರಯೋಜನವಾಗಲಿಲ್ಲ. ಅಕ್ಕನ ಮುಖ ಸಣ್ಣದಾಯಿತು. ಕೊನೆಗೆ ಅವಳ ಹೆಬ್ಬೆರಳು ಕಣ್ಣಿಗೆ ಬಿತ್ತು. ಭಾವ ಒಂದು ಮಾತಾಡಿದ ಕೂಡಲೇ ಗುಂಡಿ ಒತ್ತಿ "ಹೂಂ" ಅನ್ನುತ್ತಿದ್ದಳು. ಅವರ ಮುಂದಿನ ಮಾತು ಅದರಡಿಗೆ ಹೋಗುತ್ತಿತ್ತು. ನಮ್ಮ ಕಡೆ ಮಾತಾಡುವವರಿಗೆ ಹೂಂಗುಟ್ಟದಿದ್ದರೆ ಸಿಟ್ಟು ಬಂದಿದೆ ಎಂದೇ ಅರ್ಥ. ಹೂಂಗುಟ್ಟುವುದರಲ್ಲಿ ಅಕ್ಕ ಎತ್ತಿದ ಕೈ.

ಮೈಕ್ ಕಸಿದುಕೊಂಡೆ. "ಮಾತಾಡಿ ಭಾವ," ಎಂದು ಗುಂಡಿ ಬಿಟ್ಟೆ.

ಭಾವ ಮಾತಾಡಿದರು. ಐಸು, ಡೀಸೆಲ್ಲು, ಬಲೆ, ಎಲ್ಲ ಗಂಟೆ ಬಾರಿಸಿದಷ್ಟು ಸ್ಪಷ್ಟ. ಬಾಯಿಗೆ ಸೆರಗು ಒತ್ತಿಕೊಂಡು ಕೂತ ಅಕ್ಕನನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಹೂಂ ಬಾರದೆ ಅತ್ತಲಿಂದ ದನಿ ನಿಧಾನವಾಯಿತು.

"ಎಂತಕೆ ಮಾತಾಡುದಿಲ್ಲ? ಸಿಟ್ಟು ಬಂತಾ?"

ಅಕ್ಕ ಮೈಕಿಗೆ ಕೈ ಚಾಚಿದಳು, ನಾನು ಕೊಡಲಿಲ್ಲ.

"ಹೋದ ವರ್ಷದ್ದು ಮನ್ಸಲ್ಲಿಟ್ಕೊಂಡಿದೀಯಾ? ಊರವ್ರ ಮುಂದೆ ನಗಾಡ್ದೆ, ಹೌದು. ಆ ದಿನ ನಂಗೂ ಹೆದ್ರಿಕೆ ಆಗಿತ್ತು ಮಾರಾಯ್ತಿ. ಈ ಸಲ ಗಾಳಿ ಎದ್ರೆ ತಿರುಗಿ ಬರ್ತೆ. ಸೆಟ್ ಇಲ್ದೆ ಹೋಗುದಿಲ್ಲ."

ವೈರ್‌ಲೆಸ್ಸಿನಲ್ಲಿ ಆಡಿದ ಮಾತು, ಬಂದರಿನ ಬೋಟುಗಳೆಲ್ಲ ಕೇಳಿಸಿಕೊಂಡಿರಬೇಕು. ನನ್ನ ನಗು ನಿಂತಿತ್ತು. ಮೈಕನ್ನು ಅಕ್ಕನ ಕೈಗಿಟ್ಟೆ. ಅವಳು ಅವರ ಮಾತು ಪೂರ್ತಿ ಮುಗಿದಿದೆಯೇ ಎಂದು ಕಾದಳು. ಆಮೇಲೆ ಗುಂಡಿ ಒತ್ತಿದಳು.

"ಹೂಂ," ಎಂದಳು.

"ಸರಿ ಕೇಳ್ತು," ಎಂದರು ಭಾವ.