ಪ್ರಮೋದನ ಪರದೆಯಲ್ಲಿ ಎಲ್ಲ ಸರಿಯಿತ್ತು

ನನ್ನ ಭಾವಮೈದುನ ಪ್ರಮೋದನಿಗೆ ತನ್ನ ಕಣ್ಣಿನ ಮೇಲೆ ಬಹಳ ನಂಬಿಕೆ. ಹಾಲು ಒಡೆದಿದೆ ಎಂದರೆ ಪಾತ್ರೆಯನ್ನು ತಾನೇ ಬಗ್ಗಿ ನೋಡಬೇಕು. ನಲವತ್ತೆಂಟು ವರ್ಷದ ಈ ಮನುಷ್ಯ ತಾಂಬರಂ ಆಚೆಯ ಒಂದು ಖಾಸಗಿ ನರ್ಸಿಂಗ್ ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುತ್ತಾನೆ. ಹದಿನಾರು ವರ್ಷದಲ್ಲಿ ಒಂದೂ ಕಪ್ಪುಚುಕ್ಕೆ ಇರಲಿಲ್ಲ. ಅದನ್ನು ಅವನೇ ಹೇಳಿಕೊಳ್ಳುತ್ತಿದ್ದ, ನಮಗೆ ಕೇಳಿ ಕೇಳಿ ಸಾಕಾಗಿತ್ತು.

ಕ್ರೋಂಪೇಟೆಯಲ್ಲಿ ಅವನ ಮನೆಯ ಕೆಳಗಿನ ಭಾಗದಲ್ಲಿ ಶಾರದಮ್ಮ, ಮಗಳು ಮಧುರಾ ಇದ್ದಾರೆ. ಕೊಳ್ಳೇಗಾಲದ ಕಡೆಯ ಶಾರದಮ್ಮ ಕೀಲ್ಪಾಕಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಇಪ್ಪತ್ತು ವರ್ಷ ಬೆಡ್‌ಪ್ಯಾನ್ ತೊಳೆದವಳಿಗೆ ಇದ್ದದ್ದು ಒಂದೇ ಆಸೆ, ಅದೇ ವಾರ್ಡಿನಲ್ಲಿ ಮಗಳು ನರ್ಸ್ ಆಗಿ ಓಡಾಡಬೇಕು. ಪ್ರಮೋದನ ಕಾಲೇಜಿನಲ್ಲೇ ಸೀಟು ಸಿಕ್ಕಿತು. ಸೋಮವಾರ ಸಂಜೆ ಐದರೊಳಗೆ ವೆಬ್‌ಸೈಟಿನಲ್ಲಿ ‘ಕನ್ಫರ್ಮ್’ ಒತ್ತಬೇಕು, ಇಲ್ಲವಾದರೆ ಸೀಟು ಮುಂದಿನವರಿಗೆ. ಅದಕ್ಕೆ ಬೇಕಾದ ಜಾತಿ ಪ್ರಮಾಣಪತ್ರ ಕೈಗೆ ಬಂದದ್ದೇ ಆ ಸೋಮವಾರ ಮಧ್ಯಾಹ್ನ.

ಹಿಂದಿನ ದಿನ ಪ್ರಮೋದ ವೆಬ್‌ಸೈಟನ್ನು ಹೊಸ ಸರ್ವರಿಗೆ ಸಾಗಿಸಿದ್ದ. ನಾನು ಇನ್ಶೂರೆನ್ಸ್ ಗುಮಾಸ್ತ, ಈ ವಿದ್ಯೆ ನನಗೆ ತಿಳಿಯದು. ಅವನೇ ಆಮೇಲೆ ಬಿಡಿಸಿ ಹೇಳಿದ್ದನ್ನು ಹೇಳುತ್ತೇನೆ. ಹೊರಗಿನಿಂದ ಬಂದವರು ನೇರವಾಗಿ ಸರ್ವರಿಗೆ ಹೋಗುವುದಿಲ್ಲ. ಮುಂದೆ ಪ್ರಾಕ್ಸಿ ಎಂಬುದೊಂದು ಇರುತ್ತದೆ, ಗೇಟಿನ ವಾಚ್‌ಮನ್ ಇದ್ದ ಹಾಗೆ. ಇಂಥ ಕೋಣೆಗೆ ಹೋಗಿ ಎಂದು ಅದೇ ಕಳಿಸಬೇಕು. ಹೊಸ ಸರ್ವರನ್ನು ಮೊದಲೇ ಪರೀಕ್ಷಿಸಲು ಪ್ರಮೋದ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬರೆದುಕೊಂಡಿದ್ದ. ಅದರಿಂದ ಅವನೊಬ್ಬನಿಗೆ ಗೇಟಿಲ್ಲ, ಹಿತ್ತಿಲ ಬಾಗಿಲಿಂದ ನೇರ ಒಳಗೆ. ಕೆಲಸ ಮುಗಿದ ಮೇಲೆ ಆ ಸಾಲು ಅಳಿಸುವುದನ್ನು ಮರೆತ. ಕನ್ಫರ್ಮ್ ಪುಟದ ಹೊಸ ವಿಳಾಸವನ್ನು ಪ್ರಾಕ್ಸಿಗೆ ಕೊಡುವುದನ್ನೂ ಮರೆತ. ಸೋಮವಾರ ಹನ್ನೆರಡಕ್ಕೆ, ಪ್ರಾಕ್ಸಿ ಇನ್ನೂ ಜನರನ್ನು ಕಳಿಸುತ್ತಿದ್ದ ಹಳೆಯ ಸರ್ವರನ್ನು ಬಂದ್ ಮಾಡಿದ.

ಎರಡೂವರೆಗೆ ಮಧುರಾ ಫೋನ್ ಮಾಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು.

“ಅಂಕಲ್, ಕನ್ಫರ್ಮ್ ಪೇಜ್ ವರಲೆ. ಫೈವ್ ಜೀರೋ ಟು ಎರರ್ ಕಾಟ್ಟುದು.” ಪುಟ ಬರುತ್ತಿಲ್ಲ, ಐನೂರ ಎರಡು ಎಂಬ ಎರರ್ ತೋರಿಸುತ್ತಿದೆ ಎಂದಳು.

ಪ್ರಮೋದ ಲ್ಯಾಪ್‌ಟಾಪ್ ನೋಡಿದ. “ನನಗೆ ಚೆನ್ನಾಗೇ ಬರ್ತಿದೆಯಲ್ಲಮ್ಮಾ. ನಿನ್ನ ನೆಟ್ ಸರಿಯಿದೆಯಾ ನೋಡ್ಕೋ.”

ಹುಡುಗಿ ಬ್ರೌಸಿಂಗ್ ಸೆಂಟರಿಗೆ ಓಡಿದಳು. ಮೂರೂವರೆಗೆ ಅಲ್ಲಿಂದ ಮತ್ತೆ ಫೋನ್, ಅದೇ ಎರರ್. ಇವನು ಮತ್ತೆ ತನ್ನ ಪರದೆ ನೋಡಿ, ಬೇರೆ ಕಂಪ್ಯೂಟರಿನಲ್ಲಿ ಕೂತುಕೋ ಎಂದ. ಅಷ್ಟರಲ್ಲಿ ಇನ್ನೂ ಹತ್ತು ಮಂದಿಯ ದೂರು ಬಂದು ಕಾಲೇಜಿನ ಕಚೇರಿ ವಿಚಾರಿಸಿತು. ನಾಲ್ಕಕ್ಕೆ ಪ್ರಮೋದ ಮೇಲ್ ಬರೆದ: ವೆಬ್‌ಸೈಟ್ ಸರಿಯಾಗಿದೆ, ನಾನೇ ಪರೀಕ್ಷಿಸಿದ್ದೇನೆ.

ನಾಲ್ಕೂ ಮುಕ್ಕಾಲಿಗೆ ಮೂರನೆಯ ಸಲ ಮಧುರಾಳ ಫೋನ್. ಅಳುತ್ತಿದ್ದಳು. “ಅಂಕಲ್, ಪ್ಲೀಸ್, ಉಂಗ ಫೋನ್‌ಲ ಒರು ತಡವೆ ಪಾರುಂಗ.” ನಿಮ್ಮ ಫೋನಿನಲ್ಲಿ ಒಮ್ಮೆ ನೋಡಿ ಎಂದು ಬೇಡುತ್ತಿದ್ದಳು, ಆ ಫೋನು ಅವನ ಕಿವಿಯಲ್ಲೇ ಇತ್ತು.

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ,” ಎಂದು ನಕ್ಕುಬಿಟ್ಟ. ಆ ನಗುವನ್ನು ನೆನೆದರೆ ನನಗೆ ಇವತ್ತಿಗೂ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬರುತ್ತದೆ.

ಆರು ಗಂಟೆಗೆ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬೇಸರಕ್ಕೆ ಫೋನಿನಲ್ಲಿ ಆ ಪುಟ ತೆರೆದ. ಎರರ್. ಮುಂದಿನ ಸ್ಟೇಷನ್ನಿನಲ್ಲೇ ಇಳಿದು ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ. ತಾನು ಬರೆದ ಸಾಲು ಕಾಣಿಸಿತು. ಅಳಿಸಿದ ಕೂಡಲೇ ಅವನಿಗೂ ಅದೇ ಐನೂರ ಎರಡು. ಪ್ರಾಕ್ಸಿಯಲ್ಲಿದ್ದ ವಿಳಾಸದ ಒಂದು ಅಂಕಿ ತಿದ್ದಲು ಹಿಡಿದದ್ದು ಎರಡು ನಿಮಿಷ. ಕನ್ಫರ್ಮ್ ಪುಟ ತೆರೆಯಿತು, ಅವಧಿ ಮುಗಿದಿದೆ ಎಂದಿತ್ತು.

ಮರುದಿನ ತಪ್ಪು ನನ್ನದೇ ಎಂದು ಎರಡು ಪುಟ ಬರೆದುಕೊಟ್ಟ. ಕಾಲೇಜಿನ ಸೆಕ್ರೆಟರಿ ಓದಿ, ಮಡಿಸಿ, ವಾಪಸು ಕೊಟ್ಟರು. ಸೀಟುಗಳು ಬೆಳಗ್ಗೆಯೇ ಮುಂದಿನವರಿಗೆ ಹೋಗಿದ್ದವು. “ಮಿಸ್ಟರ್ ಪ್ರಮೋದ್, ನಿಮ್ಮ ನಾಲ್ಕು ಗಂಟೆಯ ಮೇಲ್ ಫೈಲಿನಲ್ಲಿದೆ. ನಮಗೆ ಅದು ಸಾಕು.” ಅವನ ಕೆಲಸ ಹೋಗಲಿಲ್ಲ. ಅವನನ್ನು ತೆಗೆದರೆ ಕಾಲೇಜು ತಪ್ಪನ್ನು ಒಪ್ಪಿಕೊಂಡಂತಾಗುತ್ತಿತ್ತು.

ಮುಂದಿನ ಶನಿವಾರ ನಾನು ಅವನ ಮನೆಯಲ್ಲಿದ್ದೆ. ಸೀಟು ಮರಳಿ ಕೊಡಿ ಎಂದು ಮಧುರಾ ಹಾಕಿದ್ದ ಅರ್ಜಿಗೆ ಕಾಲೇಜಿನಿಂದ ಬಂದ ಲಕೋಟೆ ಹಿಡಿದು ಶಾರದಮ್ಮ ಮೆಟ್ಟಿಲು ಹತ್ತಿ ಬಂದಳು. ಇಂಗ್ಲಿಷ್ ಕಾಗದ ಬಂದಾಗಲೆಲ್ಲ ಪ್ರಮೋದನೇ ಓದಿ ಹೇಳುವುದು ವಾಡಿಕೆ.

“ಸ್ವಾಮ್ಯಾರೆ, ಮಗಿನ್ ಅರ್ಜಿಗೆ ಏನ್ ಬರ್ದವ್ರೆ, ವಸಿ ಓದೇಳಿ.”

ಇಂಥ ತಿರಸ್ಕಾರದ ಕಾಗದಗಳನ್ನು ನಾನೇ ನೂರಾರು ಟೈಪ್ ಮಾಡಿದ್ದೇನೆ. ನೋಡಿದ ಕೂಡಲೇ ತಿಳಿಯಿತು. ಲಗತ್ತಾಗಿ ಪ್ರಮೋದನ ಮೇಲ್ ಇತ್ತು. ಅವನು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದ. ಕೊನೆಗೆ, “ವೆಬ್‌ಸೈಟ್ ಸರಿಯಾಗಿದೆ, ನಾನೇ ಪರೀಕ್ಷಿಸಿದ್ದೇನೆ,” ಎಂದು ಓದಿದ.

“ನಾನೇ ಅಂದ್ರೆ ಯಾರು?”

“ನಾನು, ಶಾರದಮ್ಮ. ಸರಿ ಇರಲಿಲ್ಲ. ತಪ್ಪು ನಂದೇ.”

ಅವಳು ಬೈಯಲಿಲ್ಲ. ಕಾಗದವನ್ನು ಇಸಿದುಕೊಂಡು ಲಕೋಟೆಗೆ ತುರುಕಿದಳು.

“ಮಗು ಮೂರ್ ಸತಿ ಕೇಳ್ತಲ್ಲ ಸ್ವಾಮಿ,” ಎಂದಳು.

ಈಗ ಬೆಳಗಿನ ಆರೂ ಇಪ್ಪತ್ತರ ಟ್ರೈನಿಗೆ ತಾಯಿ ಮಗಳು ಇಬ್ಬರೂ ಆಯಾಗಳ ನೀಲಿ ಸೀರೆಯಲ್ಲಿ ಹೊರಡುತ್ತಾರೆ. ಕೆಳಗೆ ಬೀಗ ಹಾಕುವ ಸದ್ದು ಕೇಳಿ, ಅವರು ಬೀದಿಯ ತಿರುವು ದಾಟುವವರೆಗೂ ಪ್ರಮೋದ ಒಳಗೇ ನಿಂತಿರುತ್ತಾನೆ.